‘ಬಲ ಕಡಿಮೆಯಾಗಿದೆ’: ಬೆನ್ನುಹುರಿಯ ಶಸ್ತ್ರಕ್ರಿಯೆಯಲ್ಲಿ ನರನಿಗಾ ಯೋಜನೆಯ ಭಾಷೆ

ಕುಂದಗೋಳ ತಾಲೂಕಿನ ರೋಗಿಗೆ ಬೆನ್ನುಹುರಿಯ ದೊಡ್ಡ ಶಸ್ತ್ರಕ್ರಿಯೆ ಬೇಕಾದಾಗ ದಾರಿ ಸಾಮಾನ್ಯವಾಗಿ ಹುಬ್ಬಳ್ಳಿ-ಧಾರವಾಡದತ್ತ ಸಾಗುತ್ತದೆ. ಅಂತಹ ಶಸ್ತ್ರಕ್ರಿಯೆಯ ನಡುವೆ ನರಮಾರ್ಗಗಳು ಕೆಲಸ ಮಾಡುತ್ತಿವೆಯೇ ಎಂಬುದನ್ನು ವಿದ್ಯುತ್ ಸಂಕೇತಗಳ ಮೂಲಕ ಗಮನಿಸುವ ವಿಧಾನವನ್ನು ಈ ಲೇಖನದಲ್ಲಿ ‘ನರನಿಗಾ’ ಎಂದು ಕರೆಯಲಾಗಿದೆ. ‘ತೀವ್ರ ನಿಗಾ ಘಟಕ’ದ ಬಳಕೆಯಿಂದ ‘ನಿಗಾ’ ಜನರಿಗೆ ಪರಿಚಿತವಾಗಿರುವುದರಿಂದ ಹೊಸ ಸಂಸ್ಕೃತ ಸಮಾಸವೊಂದನ್ನು ಕಟ್ಟುವ ಅಗತ್ಯ ಕಾಣಲಿಲ್ಲ. ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ನಿಗಾ ತಂತ್ರಜ್ಞರು ಮತ್ತು ದಾದಿಯರು ಈ ಯೋಜನೆಯನ್ನು ಪರಸ್ಪರ ಹೇಳಿಕೊಳ್ಳುವಾಗ ಕನ್ನಡದ ಯಾವ ರೂಪಗಳು ಅಪಾಯಕ್ಕೆ ಎಡೆಮಾಡುತ್ತವೆ ಎಂಬುದು ಇಲ್ಲಿನ ವಿಷಯ. ಉದಾಹರಣೆಯ ವಾಕ್ಯಗಳನ್ನು ವಿವರಣೆಗಾಗಿ ರಚಿಸಲಾಗಿದೆ.

ಮೊದಲು ತಂತ್ರದ ಬಗ್ಗೆ ಎರಡು ಮಾತು. ಕಣಕಾಲಿನ ಬಳಿ ನರವನ್ನು ಪ್ರಚೋದಿಸಿ ನೆತ್ತಿಯ ಮೇಲೆ ಪ್ರತಿಕ್ರಿಯೆಯನ್ನು ದಾಖಲಿಸುವುದು ಎಸ್‌ಎಸ್‌ಇಪಿ. ಇದು ಸಂವೇದನೆಯ ಮಾರ್ಗವನ್ನು ತೋರಿಸುತ್ತದೆ. ನೆತ್ತಿಯ ಮೇಲೆ ಪ್ರಚೋದಿಸಿ ಕೈಕಾಲುಗಳ ಸ್ನಾಯುಗಳಲ್ಲಿ ದಾಖಲಿಸುವುದು ಎಂಇಪಿ. ಇದು ಚಲನೆಯ ಮಾರ್ಗವನ್ನು ತೋರಿಸುತ್ತದೆ. ಎಸ್‌ಎಸ್‌ಇಪಿಯಲ್ಲಿ ಅಲೆಯ ಎತ್ತರ ಶೇ. 50ರಷ್ಟು ಕುಸಿದರೆ ಅಥವಾ ಅದು ಬರುವ ಕಾಲ ಶೇ. 10ರಷ್ಟು ತಡವಾದರೆ ಅಪಾಯಸೂಚನೆ ನೀಡುವುದು ರೂಢಿ. ಎಂಇಪಿಗೆ ಎಲ್ಲರೂ ಒಪ್ಪಿದ ಒಂದೇ ಅಳತೆಯಿಲ್ಲ. ಆದುದರಿಂದ ಯಾವುದನ್ನು ‘ಕಡಿಮೆ’ ಎನ್ನಬೇಕೆಂಬುದನ್ನು ಚರ್ಮ ಕೊಯ್ಯುವ ಮೊದಲೇ ತಂಡ ಬಾಯಿಬಿಟ್ಟು ಒಪ್ಪಿಕೊಂಡಿರಬೇಕಾಗುತ್ತದೆ. ಸ್ನಾಯು ಸಡಿಲಿಕೆಯ ಔಷಧಿ ಎಂಇಪಿಯನ್ನು ಅಳಿಸಿಬಿಡಬಲ್ಲದು, ಉಸಿರಿನ ಮೂಲಕ ಕೊಡುವ ಅರಿವಳಿಕೆ ಅದನ್ನು ಕುಗ್ಗಿಸುತ್ತದೆ. ಹಾಗಾಗಿ ಅರಿವಳಿಕೆಯ ಆಯ್ಕೆಯೂ ಈ ಮಾತುಕತೆಯ ಭಾಗವೇ.

ಇನ್ನು ಪದಗಳು. ‘ನರ’ ಎಂಬುದು ದ್ರಾವಿಡ ಮೂಲದ ಹಳೆಯ ಪದ. ತಮಿಳಿನ ‘ನರಂಪು’ ಇದರ ಸೋದರ. ಸ್ನಾಯುರಜ್ಜು, ರಕ್ತನಾಳ, ನರತಂತು ಮೂರಕ್ಕೂ ಅದು ಸಲ್ಲುತ್ತದೆ. ಶರೀರಶಾಸ್ತ್ರದ ಪಠ್ಯಪುಸ್ತಕ ಅದರ ಅರ್ಥವನ್ನು ಒಂದಕ್ಕೆ ಕಟ್ಟಿಹಾಕಿದೆಯೇ ಹೊರತು ಬಳಕೆ ಕಟ್ಟಿಹಾಕಿಲ್ಲ. ಸಲೈನ್ ಹಚ್ಚಲು ಹೊರಟ ದಾದಿ “ನರ ಸಿಗವಲ್ದು” ಎಂದರೆ ಅದು ರಕ್ತನಾಳ. ಅದೇ ಕೋಣೆಯಲ್ಲಿ ನಿಗಾ ತಂತ್ರಜ್ಞರು ಅದೇ ಮಾತನ್ನಾಡಿದರೆ ಕಾಲಿನ ಸಂಕೇತ ದೊರೆಯುತ್ತಿಲ್ಲವೆಂದು ಅರ್ಥ. ಮೊದಲನೆಯದಕ್ಕೆ ಯಾರೂ ತಲೆಯೆತ್ತುವುದಿಲ್ಲ. ಎರಡನೆಯದಕ್ಕೆ ಎಲ್ಲರ ಕೈಯೂ ನಿಲ್ಲಬೇಕು.

‘ಬಲ’ ಇದಕ್ಕಿಂತ ತೊಡಕಿನದು. ಶಕ್ತಿ ಎಂಬರ್ಥದ ‘ಬಲ’ ಸಂಸ್ಕೃತದ್ದು. ದಿಕ್ಕನ್ನು ಸೂಚಿಸುವ ‘ಬಲ’ ಕನ್ನಡದ್ದು. “ಬಲ ಕಡಿಮೆಯಾಗಿದೆ” ಎಂಬ ವಾಕ್ಯವನ್ನು ಬಲಗಾಲಿನ ಸಂಕೇತ ಇಳಿದಿದೆ ಎಂದೂ ಎರಡೂ ಕಾಲುಗಳ ಶಕ್ತಿ ಕುಂದಿದೆ ಎಂದೂ ಗ್ರಹಿಸಬಹುದು. ಬೇರೆ ಕಡೆಗಳಲ್ಲಿ ಸಂದರ್ಭ ಇದನ್ನು ಬಿಡಿಸುತ್ತದೆ. ಇಲ್ಲಿ ಎರಡೂ ಅರ್ಥಗಳು ಅದೇ ಸಂದರ್ಭಕ್ಕೆ ಹೊಂದುತ್ತವೆ, ಆದರೆ ಪರಿಣಾಮ ಬೇರೆಬೇರೆ: ಒಂದೇ ಬದಿಯ ಕುಸಿತ ಶಸ್ತ್ರಕ್ರಿಯೆಯ ಜಾಗದತ್ತ ಬೆರಳು ತೋರಿಸುತ್ತದೆ; ಕೈಗಳನ್ನೂ ಒಳಗೊಂಡು ಎಲ್ಲೆಡೆ ಕುಸಿದರೆ ಅರಿವಳಿಕೆ, ರಕ್ತದೊತ್ತಡ ಅಥವಾ ಮೈಯ ಉಷ್ಣತೆಯನ್ನು ಮೊದಲು ಶಂಕಿಸಬೇಕಾಗುತ್ತದೆ. ‘ಬಲಗಡೆ’, ‘ಬಲಗಾಲು’ ಎಂಬ ಪೂರ್ಣರೂಪಗಳನ್ನೇ ಬಳಸುವುದು, ಶಕ್ತಿಗೆ ‘ತಾಕತ್ತು’ ಎನ್ನುವುದು ಸರಳ ಪರಿಹಾರ. ಈ ಭಾಗದಲ್ಲಿ ‘ತಾಕತ್ತು’ ಮನೆಮಾತೇ ಆಗಿದೆ.

ವ್ಯಾಕರಣದ ತೊಡಕು ಮಾತ್ರ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬರಹದ ಯೋಜನೆಗಳಲ್ಲಿ “ಸಂಕೇತ ಇಳಿದರೆ ರಕ್ತದೊತ್ತಡ ಏರಿಸಬೇಕು, ಸರಳನ್ನು ಸಡಿಲಿಸುವುದು, ಎಲೆಕ್ಟ್ರೋಡು ಪರೀಕ್ಷಿಸತಕ್ಕದ್ದು” ಎಂಬ ಕಚೇರಿ ಶೈಲಿ ಸಹಜವಾಗಿ ಬಂದುಬಿಡುತ್ತದೆ. ಕನ್ನಡದ ಪೂರ್ಣಕ್ರಿಯಾಪದ ಸಾಮಾನ್ಯವಾಗಿ ಕರ್ತೃವಿನ ಗುರುತನ್ನು ಹೊತ್ತಿರುತ್ತದೆ; ಕರ್ತೃಪದವನ್ನು ಬಿಟ್ಟರೂ ‘ಏರಿಸುತ್ತೇನೆ’ ಎಂಬಲ್ಲಿ ‘ನಾನು’ ಉಳಿದಿರುತ್ತದೆ. ‘ಬೇಕು’, ‘-ವುದು’, ‘-ತಕ್ಕದ್ದು’ ಈ ಗುರುತನ್ನು ಕಳಚುತ್ತವೆ. ಕರ್ತೃಪದವೂ ಇಲ್ಲದಿದ್ದರೆ ಮೂರು ಕೆಲಸಗಳಿಗೂ ಯಜಮಾನರಿಲ್ಲ. ಧಾರವಾಡದ ಆಡುಮಾತಿನ “ಸರ್, ಬಿಪಿ ಏರಸ್ರಿ” ಎಂಬಲ್ಲಿಯೂ ಇದೇ ಕೊರತೆಯಿದೆ: ‘-ರಿ’ ಗೌರವವನ್ನು ಸೂಚಿಸುತ್ತದೆ, ವ್ಯಕ್ತಿಯನ್ನಲ್ಲ, ಕೋಣೆಯಲ್ಲಿ ‘ಸರ್’ ಎನಿಸಿಕೊಳ್ಳುವವರು ಇಬ್ಬರಾದರೂ ಇರುತ್ತಾರೆ. ಅರಿವಳಿಕೆ ತಜ್ಞರು “ಏರಸ್ತೀನ್ರಿ” ಎಂದು ಮರುನುಡಿದಾಗ ಮಾತ್ರ ಆ ಕೆಲಸಕ್ಕೆ ಒಬ್ಬರು ದೊರೆತಂತಾಗುತ್ತದೆ. ಯೋಜನೆಯನ್ನು ಓದಿ ಹೇಳುವಾಗಲೇ ಪ್ರತಿಯೊಬ್ಬರೂ ತಮ್ಮ ಪಾಲನ್ನು ಉತ್ತಮಪುರುಷದಲ್ಲಿ ನುಡಿಯುವ ಪದ್ಧತಿಯನ್ನು ನಾನು ಸೂಚಿಸುತ್ತೇನೆ. ಇದಕ್ಕೆ ಒಂದು ನಿಮಿಷವೂ ಹಿಡಿಯದು.

ಕಾಲರೂಪಕ್ಕೂ ಇಲ್ಲಿ ಬೆಲೆಯಿದೆ. “ಸಿಗ್ನಲ್ ಹೋತು” ಎಂದರೆ ಕಣ್ಣೆದುರಿಗೇ ಹೋಯಿತು. “ಸಿಗ್ನಲ್ ಹೋಗೇತಿ” ಎಂದರೆ ಹೋಗಿರುವುದು ಈಗ ಕಂಡಿತು, ಯಾವಾಗ ಹೋಯಿತೆಂದು ಮಾತು ಹೇಳುವುದಿಲ್ಲ. ಶಸ್ತ್ರವೈದ್ಯರು ತಮ್ಮ ಕೊನೆಯ ಹೆಜ್ಜೆಯನ್ನು ಹಿಂತೆಗೆಯಬೇಕೋ, ಅದಕ್ಕೂ ಹಿಂದಿನದನ್ನೋ ಎಂಬ ನಿರ್ಧಾರ ಈ ವ್ಯತ್ಯಾಸವನ್ನು ಅವಲಂಬಿಸಿರುತ್ತದೆ. ಎರಡನೆಯ ರೂಪ ಕೇಳಿಬಂದರೆ “ಹಿಂದಿನ ಸಲ ಸರಿಯಿದ್ದದ್ದು ಯಾವಾಗ?” ಎಂಬ ಪ್ರಶ್ನೆ ಕೂಡಲೇ ಬರಬೇಕು.

ಸಂಕೇತ ಮರಳದಿದ್ದಾಗ ಕೆಲವೊಮ್ಮೆ ರೋಗಿಯನ್ನೇ ಅರೆಎಚ್ಚರಗೊಳಿಸಿ ಕಾಲು ಆಡಿಸಲು ಹೇಳುವುದುಂಟು. ಸ್ತಾನ್ಯಾರಾ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಇಡೀ ಶಸ್ತ್ರಕ್ರಿಯೆಯಲ್ಲಿ ರೋಗಿ ಕೇಳುಗನಾಗುವುದು ಇಲ್ಲಿ ಮಾತ್ರ. ‘ಎಚ್ಚರ’ವೆಂಬ ಪದವನ್ನು ಈ ಪರೀಕ್ಷೆಗೆ ಮೀಸಲಿಟ್ಟು, ಸಂಕೇತದ ಕುಸಿತಕ್ಕೆ ‘ಎಚ್ಚರಿಕೆ’ಯ ಬದಲು ‘ಅಲಾರಂ’ ಎನ್ನುವುದು ಲೇಸು. ಆಜ್ಞೆಯ ಕ್ರಮವೂ ಮುಖ್ಯ: ಮೊದಲು ಕೈ ಹಿಚುಕಲು ಹೇಳಿ, ರೋಗಿಗೆ ಮಾತು ಕೇಳಿಸುತ್ತಿದೆಯೆಂದು ಖಚಿತಪಡಿಸಿಕೊಂಡು, ಆಮೇಲೆ ಕಾಲಿಗೆ ಹೋಗುತ್ತಾರೆ. ಕನ್ನಡದಲ್ಲಿ ‘ಕಾಲು’ ತೊಡೆಯಿಂದ ಅಂಗಾಲಿನವರೆಗೂ ಸಲ್ಲುತ್ತದೆ, ‘ಬೆರಳು’ ಕೈಗೂ ಕಾಲಿಗೂ ಸಲ್ಲುತ್ತದೆ. ಬರಿಯ “ಬೆರಳು ಆಡಿಸಿ” ಎಂಬುದಕ್ಕೆ ಮಂಪರಿನ ರೋಗಿ ಕೈಬೆರಳನ್ನು ಆಡಿಸಿದರೆ ತಪ್ಪು ಅವನದಲ್ಲ. ಕುಂದಗೋಳದ ರೈತ ಹಿಂದಿನ ದಿನ “ಟೊಂಕದಾಗಿಂದ ಚಳಕ ಹೊಡಿತೈತ್ರಿ, ಎಡಗಾಲು ಜೋಮು ಹಿಡಿತೈತಿ” ಎಂದಿದ್ದರೆ, ಆ ಎಡಗಾಲಿನ ಸಂಕೇತ ಮೊದಲಿನಿಂದಲೂ ದುರ್ಬಲವಾಗಿರಬಹುದೆಂಬ ಸುಳಿವು ಅದರಲ್ಲಿದೆ; ಅವನ ಮಾತುಗಳನ್ನು ಹಾಗೆಯೇ ನಿಗಾ ಹಾಳೆಯಲ್ಲಿ ಬರೆದಿಡಬಹುದು. “ಕಾಲಬೆರಳ ಅಳ್ಳಾಡಸ್ರಿ” ಎಂಬ ಆಜ್ಞೆಯನ್ನೂ ಆ ಸಂಜೆಯೇ, ಮರುದಿನ ಅದನ್ನು ನುಡಿಯಲಿರುವವರ ದನಿಯಲ್ಲೇ, ಅವನಿಗೆ ಎರಡು ಸಲ ಕೇಳಿಸಿ ಆಡಿಸಿ ನೋಡಬೇಕು.