ಜಪಾನಿನ ಮಕ್ಕಳ ಹಾಡು, ಮೈಸೂರಿನ ಆನೆ

1949ರ ಸೆಪ್ಟೆಂಬರ್‌ನಲ್ಲಿ ಟೋಕಿಯೋದ ಉಎನೋ ಮೃಗಾಲಯಕ್ಕೆ ಮೈಸೂರು ಸೀಮೆಯಿಂದ ಒಂದು ಹೆಣ್ಣಾನೆ ಹೋಗಿ ಇಳಿಯಿತು. ವಯಸ್ಸು ಹದಿನೈದು, ದಿಮ್ಮಿ ಎಳೆದು ಪಳಗಿದ ಮೈ. ಹೆಸರು ಇಂದಿರಾ, ನೆಹರೂ ತಮ್ಮ ಮಗಳ ಹೆಸರನ್ನೇ ಇಟ್ಟು ಜಪಾನಿನ ಮಕ್ಕಳಿಗೆಂದು ಕಳಿಸಿದ್ದರು. ತೊಂದರೆ ಎಂದರೆ ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡ ಮಾತ್ರ. ಜೊತೆಗೆ ಹೋಗಿದ್ದ ನಮ್ಮ ಮಾವುತರಿಂದ ಅಲ್ಲಿನ ಮೃಗಾಲಯದವರು ಆನೆಯ ಕನ್ನಡವನ್ನು ಕಲಿತುಕೊಳ್ಳಲು ಸುಮಾರು ಎರಡು ತಿಂಗಳು ಹಿಡಿಯಿತು. ನಮ್ಮ ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲಿನಲ್ಲಿ ದನ ಮೇಯಿಸಿದವರಿಗೆ ಇದೇನೂ ಆಶ್ಚರ್ಯವಲ್ಲ. ಕೂಗುವವರ ನುಡಿಯೇ ದನದ ನುಡಿ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ದನಗಳಿಗಾದರೆ ತೆಲುಗೂ ತಿಳಿಯುತ್ತದೆ.

ಆ ಮಕ್ಕಳಿಗೆ ಆನೆ ಯಾಕೆ ಬೇಕಾಗಿತ್ತು? ಯುದ್ಧದ ನಡುವೆ, 1943ರಲ್ಲಿ, ಬಾಂಬು ಬಿದ್ದು ಬೋನು ಒಡೆದರೆ ಪ್ರಾಣಿಗಳು ಊರಿಗೆ ನುಗ್ಗಿಯಾವು ಎಂದು ಉಎನೋದ ಹುಲಿ, ಸಿಂಹ, ಕರಡಿಗಳನ್ನು ಕೊಲ್ಲಲು ಸರ್ಕಾರ ಹೇಳಿತು. ಅಲ್ಲಿದ್ದ ಮೂರು ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದರು. ಯುದ್ಧದ ಹೊತ್ತಿನಲ್ಲಿ ಬೆಳೆದ ಅಲ್ಲಿನ ಮಕ್ಕಳಿಗೆ ಆನೆಯೆಂದರೆ ಬರೀ ಚಿತ್ರ. ಟೋಕಿಯೋದ ಶಾಲೆಯ ಮಕ್ಕಳು ನೂರಾರು ಪತ್ರ ಬರೆದು ನೆಹರೂಗೆ ಕಳಿಸಿದರು. ಹಾಗೆ ಹೋದ ಇಂದಿರಾ 1983ರವರೆಗೆ ಅಲ್ಲೇ ಬದುಕಿತು.

ಇದೇ ಹೊತ್ತಿನಲ್ಲಿ ಒಂದು ಆನೆ ಹಾಡೂ ಜಪಾನಿನ ಮನೆಮನೆ ಹೊಕ್ಕಿತು. ‘ಝೋ ಸಾನ್’, ಅಂದರೆ ಆನೆಯಪ್ಪ ಅಥವಾ ಆನೆಯಮ್ಮ. ಬರೆದವರು ಮಾದೋ ಮಿಚಿಯೋ, ರಾಗ ಹಾಕಿದವರು ದಾನ್ ಇಕುಮಾ. 1949ರಲ್ಲೇ ಶುರುವಾಗಿದ್ದ ‘ಹಾಡಿನ ಅತ್ತೆ’ ಎಂಬ ರೇಡಿಯೋ ಕಾರ್ಯಕ್ರಮ ಇಂಥ ಹಾಡುಗಳಿಗೆ ದಾರಿ ಮಾಡಿತ್ತು. ಇಂದಿರಾಳ ಹೆಸರೇನೂ ಅದರಲ್ಲಿಲ್ಲ. ನಿನ್ನ ಮೂಗು ಉದ್ದ ಎಂದು ಯಾರೋ ಮರಿಯಾನೆಗೆ ಹೇಳುತ್ತಾರೆ. ನಮ್ಮಮ್ಮನದೂ ಉದ್ದವೇ ಎಂದು ಅದು ಉತ್ತರ ಕೊಡುತ್ತದೆ. ಮೂರು ಎಣಿಕೆಯ ನಿಧಾನದ ಲಯ, ಆನೆ ತೂಗಿಕೊಂಡು ನಡೆದ ಹಾಗೆ. ಕೇಳಿದರೆ ಎಳೆಮಕ್ಕಳ ಮುದ್ದುಮಾತು ಅನ್ನಿಸುತ್ತದೆ. ಆದರೆ ಮೂಗು ಉದ್ದ ಅಂದದ್ದು ಹೀಯಾಳಿಕೆ, ಅದಕ್ಕೆ ಮರಿ ಕುಗ್ಗದೆ ತಾನು ಆನೆಯಾಗಿರುವುದೇ ಸಂತೋಷ ಎಂದು ಕೊಟ್ಟ ಉತ್ತರ ಇದು ಎಂದು ಕವಿಯೇ ವಿವರಿಸಿದ್ದುಂಟು. ಮಾದೋ 1994ರಲ್ಲಿ ಮಕ್ಕಳ ಸಾಹಿತ್ಯದ ಆ್ಯಂಡರ್ಸನ್ ಪ್ರಶಸ್ತಿ ಪಡೆದರು. ಅವರ ಪದ್ಯಗಳನ್ನು ಇಂಗ್ಲಿಷಿಗೆ ತಂದವರು ಆಗಿನ ಸಾಮ್ರಾಜ್ಞಿ ಮಿಚಿಕೋ. ಮಾದೋ ಬದುಕಿದ್ದು ನೂರು ದಾಟಿ ಇನ್ನೂ ನಾಲ್ಕು ವರ್ಷ.

ಒಂದನೇ ದರ್ಜೆಯ ಕವಿ ಮಕ್ಕಳಿಗೆ ಬರೆಯುವುದು ಜಪಾನಿನಲ್ಲಿ ಶುರುವಾದದ್ದು ಒಂದು ಅಸಮಾಧಾನದಿಂದ. 1881ರಲ್ಲಿ ಇಸಾವಾ ಶೂಜಿ ಎಂಬ ಶಿಕ್ಷಣಾಧಿಕಾರಿ ಅಮೆರಿಕದ ಸಂಗೀತ ಮೇಷ್ಟ್ರು ಮೇಸನ್ ಜೊತೆ ಸೇರಿ ಶಾಲೆಗಳಿಗೆ ಹಾಡಿನ ಪುಸ್ತಕ ಮಾಡಿದ್ದರು. ಪಶ್ಚಿಮದ ಧಾಟಿ, ಜಪಾನಿ ಮಾತು. ಸ್ಕಾಟ್ಲೆಂಡಿನ ಧಾಟಿಗೆ ಕೂರಿಸಿದ ‘ಮಿಂಚುಹುಳುವಿನ ಬೆಳಕು’ ಎಂಬ ಅದರ ಹಾಡನ್ನು ಇವತ್ತಿಗೂ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಹಾಕುತ್ತಾರೆ. ಶಾಲೆಯ ಹಾಡುಗಳಲ್ಲಿ ಬುದ್ಧಿಮಾತೇ ಹೆಚ್ಚಾಯಿತು. ಅದನ್ನು ಸಹಿಸದ ಕಾದಂಬರಿಕಾರ ಸುಜುಕಿ ಮಿಯೆಕಿಚಿ 1918ರಲ್ಲಿ ‘ಅಕಾಯ್ ತೋರಿ’, ಅಂದರೆ ಕೆಂಪು ಹಕ್ಕಿ, ಎಂಬ ಮಾಸಪತ್ರಿಕೆ ತೆಗೆದರು. ಮೊದಲ ಸಂಚಿಕೆಗೇ ಹೆಸರಾಂತ ಕಥೆಗಾರ ಅಕುತಾಗಾವಾ ಕಥೆ ಕೊಟ್ಟರು. ಕಿತಾಹಾರಾ ಹಾಕುಶೂ, ಸಾಯ್‌ಜೋ ಯಾಸೋ ಪದ್ಯ ಬರೆದರು, ಸಂಗೀತಗಾರರು ರಾಗ ಹಾಕಿದರು. ದೋಯೋ ಎಂದು ಕರೆಯುವ ಮಕ್ಕಳ ಹಾಡಿನ ದೊಡ್ಡ ಬೆಳೆ ಅಲ್ಲಿಂದ. ನಮ್ಮಲ್ಲೂ ಆ ಕಾಲಕ್ಕೇ ಪಂಜೆ ಮಂಗೇಶರಾಯರು ಶಾಲಾ ಇನ್ಸ್‌ಪೆಕ್ಟರಿಕೆಯ ತಿರುಗಾಟದ ನಡುವೆ ಮಕ್ಕಳಿಗೆ ಹಾಡು ಕಟ್ಟುತ್ತಿದ್ದರು, ಮುಂದೆ ರಾಜರತ್ನಂ ಬಂದರು. ಕವಿಗಳಿಗೆ ನಮಗೆ ಬರವಿರಲಿಲ್ಲ. ಹಾಡುಗಳು ಮಾತ್ರ ಪಠ್ಯಪುಸ್ತಕದಲ್ಲೇ ಹೆಚ್ಚು ಉಳಿದವು.

ದೋಯೋಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ‘ಅಕಾ ತೊಂಬೊ’, ಕೆಂಪು ಏರೋಪ್ಲೇನ್ ಚಿಟ್ಟೆಯ ಹಾಡು. ಮಿಕಿ ರೋಫೂ 1921ರಲ್ಲಿ ಬರೆದರು, ಯಾಮಾದಾ ಕೋಸಾಕು 1927ರಲ್ಲಿ ರಾಗ ಹಾಕಿದರು. ಸಂಜೆಗೆಂಪಿನಲ್ಲಿ ಹಾರುವ ಚಿಟ್ಟೆಯನ್ನು ಕೂಸು ನೋಡಿದ್ದು ತಾಯಿಯ ಕಂಕುಳಿಂದಲ್ಲ, ಎತ್ತಿ ಆಡಿಸುವ ಹುಡುಗಿಯ ಬೆನ್ನ ಮೇಲಿಂದ. ಆ ಹುಡುಗಿಗೂ ಹದಿನೈದಕ್ಕೆ ಮದುವೆಯಾಯಿತು. ಆಮೇಲೆ ಊರಿನ ಸುದ್ದಿಯೂ ನಿಂತಿತು. ಇದನ್ನು ಮಕ್ಕಳಿಂದ ಹಾಡಿಸುತ್ತಾರೆ. ಮಕ್ಕಳ ಹಾಡೆಂದರೆ ಚಪ್ಪಾಳೆ, ನಗು, ಬಣ್ಣ ಎಂದು ನಂಬಿಕೊಂಡ ನಮ್ಮ ಟಿವಿಯವರು ಒಮ್ಮೆ ಕೇಳಬೇಕು.

ಕೂಸು ಹೊತ್ತ ಆ ಹುಡುಗಿಯರದೇ ಇನ್ನೊಂದು ಹಾಡಿನ ಗಂಟು ಇದೆ. ಕುಮಾಮೊತೋ ಸೀಮೆಯ ಇತ್ಸುಕಿ ಎಂಬ ಬೆಟ್ಟದ ಹಳ್ಳಿಯ ಬಡವರ ಹೆಣ್ಣುಮಕ್ಕಳನ್ನು ಉಳ್ಳವರ ಮನೆಗೆ ಕೂಸು ನೋಡಿಕೊಳ್ಳಲು ಬಿಡುತ್ತಿದ್ದರು. ಅವರು ಹಾಡಿದ ಜೋಗುಳದಲ್ಲಿ ಕೂಸಿನ ಹೊಗಳಿಕೆ ಇಲ್ಲ. ಹಿರಿಯರ ಹಬ್ಬವಾದ ಬೋನ್ ಯಾವಾಗ ಬರುತ್ತದೆ, ಮನೆಗೆ ಯಾವಾಗ ಹೋಗುತ್ತೇನೆ ಎಂಬ ಕೊರಗು ಇದೆ. ಕ್ಯೋತೋದ ತಾಕೆದಾ ಜೋಗುಳವೂ ಇದೇ ಜಾತಿಯದು. ಅದು ಅಸ್ಪೃಶ್ಯತೆ ಉಂಡವರ ಕೇರಿಯ ಹಾಡು. 1971ರಲ್ಲಿ ‘ಅಕಾಯ್ ತೋರಿ’ ಎಂದೇ ಹೆಸರಿಟ್ಟುಕೊಂಡ ತಂಡ ಹಾಡಿ ಗೆದ್ದಿತು, ಆದರೆ ಆ ಕೇರಿಯ ಮಾತು ಎತ್ತುವ ಮುಜುಗರಕ್ಕೆ ಬಾನುಲಿ, ಟಿವಿಯವರು ಬಹುಕಾಲ ಅದರ ತಂಟೆಗೆ ಹೋಗಲಿಲ್ಲ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ನೆನಪಾಗುತ್ತಾರೆ. ಅಕ್ಷರ ಕಲಿಯದ ಆಕೆಯ ನಾಲಿಗೆಯ ಮೇಲಿದ್ದ ಹಾಡಿನ ರಾಶಿಯನ್ನು ಕೃಷ್ಣಮೂರ್ತಿ ಹನೂರರು ಬರೆದುಕೊಂಡರು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. ಇತ್ಸುಕಿಯ ಹುಡುಗಿಯರ ಹಾಗೆ ನಮ್ಮ ಹಟ್ಟಿಯ ಹಾಡನ್ನೂ ಮೊದಲು ಕಟ್ಟಿದವರ ಹೆಸರಿಲ್ಲ. ದೋಯೋಗೆ ಕವಿ, ರಾಗಕಾರ, ಇಸವಿ ಎಲ್ಲವೂ ಉಂಟು.

ಜಪಾನಿನವರು ಜಾಣತನ ತೋರಿದ್ದು ಹಾಡುಗಳನ್ನು ಉಳಿಸಿಕೊಳ್ಳುವುದರಲ್ಲಿ. ಭೂಕಂಪ, ಸುನಾಮಿಯ ಎಚ್ಚರಿಕೆಗೆಂದು ಊರೂರಲ್ಲಿ ಕಂಬಕ್ಕೆ ಧ್ವನಿವರ್ಧಕ ಕಟ್ಟಿದ್ದಾರೆ. ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ದಿನಾ ಸಂಜೆ ಒಂದು ರಾಗ ಬಿಡಬೇಕು. ಎಷ್ಟೋ ಊರುಗಳಲ್ಲಿ ಆ ರಾಗ ‘ಯೂಯಾಕೆ ಕೋಯಾಕೆ’ ಎಂಬ ಹಳೆಯ ಮಕ್ಕಳ ಹಾಡಿನದು. ಕೇಳಿದ ಕೂಡಲೇ ಆಟ ಬಿಟ್ಟು ಮನೆಗೆ. ಇನ್ನು ಟಿವಿ: ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ‘ಅಮ್ಮನ ಜೊತೆ’ 1959ರಲ್ಲಿ, ಐದೇ ನಿಮಿಷದ ‘ಎಲ್ಲರ ಹಾಡು’ 1961ರಲ್ಲಿ ಶುರುವಾದವು. ಎರಡೂ ಇನ್ನೂ ನಡೆಯುತ್ತಿವೆ.

ಹಾಡುಗಳು ದುಡ್ಡೂ ಮಾಡಿದವು. 1975ರ ಕೊನೆಗೆ ಖಾಸಗಿ ವಾಹಿನಿಯೊಂದರ ಮಕ್ಕಳ ಕಾರ್ಯಕ್ರಮದಿಂದ ಬಂದ ‘ಈಜು, ತಾಯಾಕಿ’ ಹಾಡಿನ ರೆಕಾರ್ಡು 45 ಲಕ್ಷ ಪ್ರತಿ ದಾಟಿತು. ತಾಯಾಕಿ ಅಂದರೆ ಸಿಹಿ ಅಳಸಂದೆಯಂಥ ಕಾಳಿನ ಹೂರಣ ತುಂಬಿ ಮೀನಿನಚ್ಚಿನಲ್ಲಿ ಸುಟ್ಟ ತಿಂಡಿ. ಆ ತಿಂಡಿ ದಿನಾ ಕಾವಲಿಯ ಮೇಲೆ ಬೇಯುವುದು ಸಾಕಾಗಿ ಅಂಗಡಿಯವನ ಜೊತೆ ಜಗಳ ಮಾಡಿ ಸಮುದ್ರಕ್ಕೆ ಹಾರುತ್ತದೆ, ನಾಲ್ಕು ದಿನ ಸುಖವಾಗಿ ಈಜುತ್ತದೆ, ಕೊನೆಗೆ ಗಾಳಕ್ಕೆ ಸಿಕ್ಕಿ ಹೊಟ್ಟೆ ಸೇರುತ್ತದೆ. ಆಫೀಸಿನಲ್ಲಿ ದುಡಿದು ಬೇಯುವ ಅಪ್ಪಂದಿರು ಇದು ತಮ್ಮದೇ ಕಥೆ ಎಂದು ಕೊಂಡರು. 1999ರಲ್ಲಿ ‘ಅಮ್ಮನ ಜೊತೆ’ಯ ‘ಮೂವರು ದಾಂಗೋ ಅಣ್ಣತಮ್ಮಂದಿರು’ ಬಂತು. ಒಂದೇ ಕಡ್ಡಿಗೆ ಚುಚ್ಚಿದ ಅಕ್ಕಿಹಿಟ್ಟಿನ ಉಂಡೆಗಳ ಮೇಲೆ ಟ್ಯಾಂಗೋ ಧಾಟಿಯ ಹಾಡು. ಲಕ್ಷಗಟ್ಟಲೆ ಸಿಡಿ ಹೋದವು. ತಿನ್ನುವ ದಾಂಗೋಗೂ ಗಿರಾಕಿ ಹೆಚ್ಚಿದರು.

2007ರಲ್ಲಿ ಜಪಾನಿನ ಸಂಸ್ಕೃತಿ ಇಲಾಖೆ ಮತ್ತು ಶಾಲೆಗಳ ಪೋಷಕರ ಸಂಘ ಸೇರಿ, ಹೆತ್ತವರೂ ಮಕ್ಕಳೂ ಕೂಡಿ ಹಾಡಲೆಂದು ‘ಜಪಾನಿನ ನೂರು ಹಾಡು’ ಎಂಬ ಪಟ್ಟಿ ಹೊರಡಿಸಿದವು. ಕೆಂಪು ಚಿಟ್ಟೆಯೂ ಇದೆ, ಆನೆಯೂ ಇದೆ. ಹೆಸರಿನಲ್ಲಿ ನೂರು, ಎಣಿಸಿದರೆ ನೂರೊಂದು. ಮದುವೆಮನೆಯಲ್ಲಿ ಮುಯ್ಯಿ ಬರೆಸುವ ನಮ್ಮವರಿಗೆ ಆ ಹೆಚ್ಚಿನ ಒಂದರ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.