ಸುಣ್ಣದ ತೂಬು: ಒಂದು ಔಷಧನಾಮದ ವಿಚಾರ

ಹೃದ್ರೋಗಕ್ಕೂ ರಕ್ತದ ಒತ್ತಡಕ್ಕೂ ವೈದ್ಯರು ಕೊಡುವ ಔಷಧಗಳಲ್ಲಿ ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಎಂಬುದೊಂದು ವರ್ಗವುಂಟು. ಆಮ್ಲೋಡಿಪಿನ್, ನಿಫೆಡಿಪಿನ್, ವೆರಪಮಿಲ್, ಡಿಲ್ಟಿಯಾಜೆಮ್ ಎಂಬಿವು ಆ ವರ್ಗಕ್ಕೆ ಸೇರಿದವು. ಈ ಹೆಸರನ್ನು ಕನ್ನಡಿಸುವಾಗ ನಡುವಣ ಪದವನ್ನು ಬಿಟ್ಟು ‘ಕ್ಯಾಲ್ಸಿಯಂ ನಿರೋಧಕ’ವೆಂದರೆ ಮಾತು ಚಿಕ್ಕದಾಗುವುದು ದಿಟ. ವೈಯಾಕರಣರು ಇದನ್ನು ಮಧ್ಯಮಪದಲೋಪವೆನ್ನುವರು. ಶಾಕಪಾರ್ಥಿವವೆಂಬಲ್ಲಿ ಲೋಪವಾದ ‘ಪ್ರಿಯ’ಪದವನ್ನು ಬಲ್ಲವನು ತಾನೇ ತುಂಬಿಕೊಳ್ಳುವನು, ಇಲ್ಲಿಯಾದರೋ ರೋಗಿಯು ತುಂಬಿಕೊಳ್ಳಲಾರನು. ಕ್ಯಾಲ್ಸಿಯವೇ ತನಗೆ ಅಹಿತವೆಂದು ಭ್ರಮಿಸಿ ಆತನು ಹಾಲನ್ನೂ ರಾಗಿಯ ಮುದ್ದೆಯನ್ನೂ ಬಿಡುವ ಸಂಭವವುಂಟು. ಆದಕಾರಣ ಔಷಧದ ಕ್ರಿಯೆಯನ್ನರಿತೇ ಹೆಸರಿಡತಕ್ಕುದು.

ಕ್ಯಾಲ್ಸಿಯವೆಂಬುದು ಸುಣ್ಣದ ಮೂಲಧಾತು. ಲ್ಯಾಟಿನ್ ಭಾಷೆಯಲ್ಲಿ ಸುಣ್ಣಕ್ಕಿರುವ ‘ಕಾಲ್ಕ್ಸ್’ ಎಂಬ ಹೆಸರಿನಿಂದಲೇ ಈ ಶಬ್ದವು ಬಂದಿದೆ. ಹೃದಯಕ್ಕೆ ಅದು ಬೇಕೆಂಬುದನ್ನು 1883ರಲ್ಲಿ ಸಿಡ್ನಿ ರಿಂಗರ್ ತೋರಿಸಿದನು. ಲಂಡನ್ನಿನ ನಲ್ಲಿಯ ನೀರಿನಿಂದ ಮಾಡಿದ ಉಪ್ಪುನೀರಿನಲ್ಲಿ ಮಿಡಿಯುತ್ತಿದ್ದ ಕಪ್ಪೆಯ ಹೃದಯವು, ಬಟ್ಟಿಯಿಳಿಸಿದ ನೀರನ್ನುಪಯೋಗಿಸಿದಾಗ ಬೇಗನೆ ನಿಂತಿತು. ಸುಣ್ಣದ ಲವಣವನ್ನು ಸೇರಿಸಿದೊಡನೆ ಮತ್ತೆ ಮಿಡಿಯಿತು. 1960ರ ದಶಕದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್, ವೆರಪಮಿಲ್ ಔಷಧವು ಕ್ಯಾಲ್ಸಿಯವನ್ನು ತೆಗೆದಂತೆಯೇ ಹೃದಯದ ಸಂಕೋಚವನ್ನು ತಗ್ಗಿಸುವುದೆಂದು ಕಂಡುಕೊಂಡನು.

ಇದು ಹೇಗೆಂಬುದನ್ನು ನಮ್ಮ ನಾಡಿನ ಜಲಾಶಯಗಳ ದೃಷ್ಟಾಂತದಿಂದ ತಿಳಿಯಬಹುದು. ಬೆಂಗಳೂರಿನ ದಕ್ಷಿಣಕ್ಕೆ ಕನಕಪುರದ ಹಾದಿಯಲ್ಲಿರುವ ಕೋಣನಕುಂಟೆಯ ಹೆಸರಿನಲ್ಲಿ ಕುಂಟೆಯೆಂಬ ಶಬ್ದವಿದೆ. ಕುಂಟೆಯು ಕಿರಿದು, ಕೆರೆಯು ಹಿರಿದು. ಕೆರೆಯ ನೀರು ಗದ್ದೆಗಿಳಿಯುವುದು ತೂಬಿನಿಂದ. ಜೀವಕೋಶದ ಹೊರಗೆ ಕ್ಯಾಲ್ಸಿಯವು ಒಳಗಿರುವುದಕ್ಕಿಂತ ಸುಮಾರು 10,000 ಪಾಲು ಹೆಚ್ಚಾಗಿದ್ದು, ಏರಿಯ ಹಿಂದಣ ನೀರಿನಂತೆ ನಿಂತಿರುವುದು. ಕೋಶದ ಪೊರೆಯ ವಿದ್ಯುತ್‌ಸ್ಥಿತಿ ಬದಲಾದಾಗ ತೂಬು ತೆರೆದು ಅಲ್ಪಪ್ರಮಾಣದ ಕ್ಯಾಲ್ಸಿಯವು ಒಳನುಗ್ಗುವುದು; ಸ್ನಾಯುವು ಸಂಕೋಚಗೊಳ್ಳುವುದು. ಔಷಧವು ತಡೆಯುವುದು ಈ ತೂಬನ್ನೇ ಹೊರತು ಕೆರೆಯನ್ನು ಬತ್ತಿಸುವುದಿಲ್ಲ. ಕೈಕಾಲುಗಳ ಸ್ನಾಯುಗಳಾದರೋ ತಮ್ಮೊಳಗಿನ ಸಂಗ್ರಹದಿಂದಲೇ ಕೆಲಸಮಾಡುವುವಾದ್ದರಿಂದ ಅವು ಈ ಔಷಧದಿಂದ ಬಲಗುಂದವು.

ಒಂದೇ ವರ್ಗದವಾದರೂ ಈ ಔಷಧಗಳ ಕ್ಷೇತ್ರವು ಒಂದೇ ಅಲ್ಲ. ಆಮ್ಲೋಡಿಪಿನ್ ಮತ್ತು ನಿಫೆಡಿಪಿನ್ ಮುಖ್ಯವಾಗಿ ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನಿಳಿಸುವುವು. ವೆರಪಮಿಲ್ ಹೃದಯದ ಗತಿಯನ್ನೇ ನಿಧಾನಗೊಳಿಸುವುದು. ಆದಕಾರಣ ಅದನ್ನು ಬೀಟಾ ಬ್ಲಾಕರುಗಳೊಡನೆ ಕೂಡಿಸಿದರೆ ಗತಿಯು ಅಪಾಯಕರವಾಗಿ ಕುಗ್ಗಬಹುದು. ಡಿಲ್ಟಿಯಾಜೆಮ್ ಇವೆರಡರ ನಡುವಣದು. ಆಮ್ಲೋಡಿಪಿನ್ ದೇಹದಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆಗಳು ಹಿಡಿಯುವುದರಿಂದ ದಿನಕ್ಕೊಮ್ಮೆ ಕೊಟ್ಟರೆ ಸಾಕು. ಪಾದದ ಗಂಟು ಊದುವುದು ಅದರ ಸಾಮಾನ್ಯ ಉಪದ್ರವ, ವೆರಪಮಿಲ್ಲಿನದು ಮಲಬದ್ಧತೆ.

ಇನ್ನು ಆಹಾರದ ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯವಿದೆ. ಆದರೆ ಉಣ್ಣುವುದು ಹೆಚ್ಚಲಿ ಕಡಿಮೆಯಾಗಲಿ, ರಕ್ತದಲ್ಲಿ ಅದರ ಮಟ್ಟವನ್ನು ಶರೀರವು ಗ್ರಂಥಿರಸಗಳಿಂದ ಬಹುಮಟ್ಟಿಗೆ ಸಮವಾಗಿಡುವುದು. ಕೊರತೆಯಾದರೆ ಎಲುಬಿನಿಂದ ತೆಗೆದುಕೊಳ್ಳುವುದು. ಆದ್ದರಿಂದ ಈ ಔಷಧದ ನೆಪದಲ್ಲಿ ರಾಗಿಯನ್ನು ಬಿಟ್ಟವನಿಗೆ ಹೃದಯಕ್ಕೆ ಲಾಭವಿಲ್ಲ, ಎಲುಬಿಗೆ ನಷ್ಟವುಂಟು.

ಹಾಗಾದರೆ ಹೆಸರೇನು? ‘ಸುಣ್ಣದ ತೂಬುತಡೆ’ ಎಂಬುದು ಯುಕ್ತವೆಂದು ತೋರುತ್ತದೆ. ಸುಣ್ಣವು ಚೂರ್ಣಶಬ್ದದ ತದ್ಭವ; ತೂಬು, ತಡೆಗಳು ದೇಶ್ಯಗಳು; ಆದ್ದರಿಂದ ಅರಿಸಮಾಸದೋಷವಿಲ್ಲ. ಅದಕ್ಕಿಂತ ಮಿಗಿಲಾಗಿ, ಯಾವುದನ್ನು ತಡೆಯುವುದೆಂಬುದು ಹೆಸರಿನಲ್ಲಿಯೇ ನಿಂತಿರುವುದು. ಈ ಪದವೇ ಆಗಬೇಕೆಂಬ ಹಟವಿಲ್ಲ. ಪಂಡಿತರು ಇದಕ್ಕಿಂತ ಲೇಸಾದುದನ್ನು ಸೂಚಿಸಬಹುದು. ಆದರೆ ಅವರು ಸೂಚಿಸುವ ಪದದಲ್ಲಿಯೂ ತೂಬಿಗೆ ಲೋಪ ಬರಬಾರದು.