ಕಾರಿಡಾರಿನಿಂದ ಸಭೆಯೊಳಕ್ಕೆ

1992ರ ಅಕ್ಟೋಬರ್‌ನಲ್ಲಿ ಆರು ಸಂಸ್ಥೆಗಳು ಸೇರಿ ನೆಲಬಾಂಬ್ ನಿಷೇಧಕ್ಕಾಗಿ ಅಂತರರಾಷ್ಟ್ರೀಯ ಅಭಿಯಾನ ಶುರುಮಾಡಿದವು. ಅವರಲ್ಲಿ ಕೃತಕ ಕಾಲು ಜೋಡಿಸುವವರಿದ್ದರು, ಹೊಲಗದ್ದೆಗಳಲ್ಲಿ ಹೂತ ಬಾಂಬ್ ತೆಗೆಯುವವರಿದ್ದರು, ವಿಯೆಟ್ನಾಂನಲ್ಲಿ ಕಾದಾಡಿ ಬಂದ ಅಮೆರಿಕದ ಮಾಜಿ ಸೈನಿಕರಿದ್ದರು. ಸಂಚಾಲಕಿ ಜೋಡಿ ವಿಲಿಯಮ್ಸ್. ನೆಲಬಾಂಬ್ ಏನು ಮಾಡುತ್ತದೆಂದು ಇವರಿಗೆ ಗೊತ್ತಿದ್ದಷ್ಟು ಯಾವ ರಾಯಭಾರಿಗೂ ಗೊತ್ತಿರಲಿಲ್ಲ. ಆದರೂ ಮಾತುಕತೆಯ ಕೋಣೆಗೆ ಇವರಿಗೆ ಪ್ರವೇಶವಿರಲಿಲ್ಲ.

ವಿಶ್ವಸಂಸ್ಥೆಯ ಸನ್ನದಿನ 71ನೇ ವಿಧಿ 1945ರಿಂದಲೂ ಸರ್ಕಾರೇತರ ಸಂಸ್ಥೆಗಳೊಡನೆ ಸಮಾಲೋಚನೆಗೆ ಅವಕಾಶ ಕೊಟ್ಟಿದೆ. ಅದು ಆರ್ಥಿಕ, ಸಾಮಾಜಿಕ ಮಂಡಳಿಗೆ ಸಂಬಂಧಿಸಿದ್ದು. ಆಯುಧದ ವಿಚಾರ ಸರ್ಕಾರಗಳದ್ದೇ ಎಂಬುದು ರೂಢಿ. ಹಾಗಾಗಿ 1995ರಲ್ಲಿ ವಿಯೆನ್ನಾದಲ್ಲಿ, ಮುಂದಿನ ವರ್ಷ ಜಿನೀವಾದಲ್ಲಿ ನೆಲಬಾಂಬನ್ನೂ ಒಳಗೊಂಡಿದ್ದ ಹಳೆಯ ಶಸ್ತ್ರಾಸ್ತ್ರ ಒಪ್ಪಂದದ ಪರಿಶೀಲನೆ ನಡೆದಾಗ ಅಭಿಯಾನದವರು ಕಾರಿಡಾರಿನಲ್ಲೇ ಉಳಿದರು. ಒಳಗೆ ಯಾವ ದೇಶ ಏನು ಹೇಳಿತೆಂದು ಪ್ರತಿನಿಧಿಗಳಿಂದ ಕೇಳಿ ತಿಳಿದು, ಸುದ್ದಿಪತ್ರ ಮಾಡಿ ಹಂಚಿದರು. ಒಳಗಿನ ನಿಯಮ ಒಮ್ಮತದ್ದು: ಒಂದು ದೇಶ ತಲೆಯಾಡಿಸದಿದ್ದರೂ ಕೆಲಸ ನಿಲ್ಲುತ್ತಿತ್ತು. 1996ರ ಮೇ 3ರಂದು ಒಪ್ಪಿಗೆಯಾದ ತಿದ್ದುಪಡಿ, ಲೋಹಶೋಧಕಕ್ಕೆ ಸಿಗದ ಬಾಂಬುಗಳನ್ನು ಕೈಬಿಡುವುದಕ್ಕೂ ಒಂಬತ್ತು ವರ್ಷದವರೆಗೆ ಕಾಲಾವಕಾಶ ಕೊಟ್ಟಿತು.

ದಾರಿ ಕಂಡದ್ದು ಈ ಸೋಲಿನ ನಡುವೆಯೇ. ಸಂಪೂರ್ಣ ನಿಷೇಧಕ್ಕೆ ಒಲವಿದೆಯೆಂದು ಬಹಿರಂಗವಾಗಿ ಹೇಳಿದ್ದ ದೇಶಗಳ ಪಟ್ಟಿ ಅಭಿಯಾನದ ಬಳಿ ಇತ್ತು. 1996ರ ಜನವರಿಯಲ್ಲಿ, ಜಿನೀವಾ ಮಾತುಕತೆಯ ಹೊತ್ತಿನಲ್ಲೇ, ಅವರು ಆ ದೇಶಗಳನ್ನು ತಾವೇ ಸಭೆಗೆ ಕರೆದರು. ಸರ್ಕಾರಗಳು ಸಂಸ್ಥೆಗಳನ್ನು ಕರೆಯುವುದು ಪದ್ಧತಿ. ಇಲ್ಲಿ ಸಂಸ್ಥೆಗಳು ಸರ್ಕಾರಗಳನ್ನು ಕರೆದವು. ಬಂದವರು ಕೆಲವರೇ. ಆದರೆ ಎಲ್ಲರೂ ಒಪ್ಪುವವರೆಗೆ ಕಾಯಬೇಕಿಲ್ಲ, ಒಪ್ಪುವವರು ಸೇರಿದರೆ ಸಾಕು ಎಂಬ ಯೋಚನೆಗೆ ಅಲ್ಲಿ ನೆಲೆ ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಈ ಕತೆಯ ನಿಜವಾದ ಆವಿಷ್ಕಾರ ಇದೇ.

ಅಕ್ಟೋಬರ್‌ನಲ್ಲಿ ಕೆನಡಾ ಒಟ್ಟಾವದಲ್ಲಿ ಸಮ್ಮೇಳನ ಕರೆಯಿತು. ನಿಷೇಧದ ಘೋಷಣೆಯನ್ನು ಒಪ್ಪುವ ದೇಶ ಪೂರ್ಣ ಸದಸ್ಯ, ಒಪ್ಪದ ದೇಶ ವೀಕ್ಷಕ ಎಂಬ ಷರತ್ತು. ಕೊನೆಯ ದಿನ, ಅಕ್ಟೋಬರ್ 5ರಂದು, ವಿದೇಶಾಂಗ ಸಚಿವ ಲಾಯ್ಡ್ ಆಕ್ಸ್‌ವರ್ದಿ ಒಂದು ವರ್ಷ ಕಳೆದು, 1997 ಮುಗಿಯುವುದರೊಳಗೆ, ಒಪ್ಪಂದಕ್ಕೆ ಸಹಿ ಹಾಕಲು ಇಲ್ಲಿಗೇ ಬನ್ನಿ ಎಂದಾಗ ರಾಜತಾಂತ್ರಿಕರು ದಂಗಾದರು.

ಮುಂದಿನ ಸಭೆಗಳಲ್ಲಿ ಅಭಿಯಾನಕ್ಕೆ ಒಳಗೇ ಜಾಗ ಸಿಕ್ಕಿತು. 1997ರ ಸೆಪ್ಟೆಂಬರ್‌ನಲ್ಲಿ ಓಸ್ಲೊದಲ್ಲಿ ಅಂತಿಮ ಮಾತುಕತೆ ನಡೆದಾಗ ಅವರು ಅಧಿಕೃತ ವೀಕ್ಷಕರು: ಮಾತಾಡಬಹುದು, ಮತ ಹಾಕುವಂತಿಲ್ಲ. ಮತ ಇಲ್ಲದಿದ್ದರೂ ಆ ಜಾಗಕ್ಕೆ ಎಷ್ಟು ತೂಕವಿತ್ತೆಂಬುದು ಅಮೆರಿಕ ವಿನಾಯಿತಿ ಕೇಳಿದಾಗ ತಿಳಿಯಿತು. ಕೊರಿಯಾ ಗಡಿಯನ್ನು ಬಿಡಿ, ಟ್ಯಾಂಕ್ ನಿರೋಧಕ ಬಾಂಬುಗಳ ಜೊತೆಗಿಡುವ ಚಿಕ್ಕ ಬಾಂಬುಗಳನ್ನು ಬಿಡಿ ಎಂದು ಅದು ಪಟ್ಟು ಹಿಡಿಯಿತು. ವಿನಾಯಿತಿ ಬೇಡವೇ ಬೇಡ ಎಂದು ಅಭಿಯಾನದವರು ಅಲ್ಲೇ ನಿಂತು ವಾದಿಸಿದರು. ದಕ್ಷಿಣ ಆಫ್ರಿಕಾದ ಜಾಕಿ ಸೆಲೆಬಿ ಅಧ್ಯಕ್ಷರು. ಒಮ್ಮತ ಸಿಗದಿದ್ದರೆ ಮೂರನೇ ಎರಡರಷ್ಟು ಬಹುಮತ ಸಾಕೆಂಬ ನಿಯಮ ಅವರ ಕೈಯಲ್ಲಿತ್ತು. ಬೇಡಿಕೆಗೆ ಬೆಂಬಲ ಸಿಗದೆ ಅಮೆರಿಕ ಹಿಂದೆ ಸರಿಯಿತು. ಒಪ್ಪಂದ ವಿನಾಯಿತಿಯಿಲ್ಲದೆ ಉಳಿಯಿತು.

ಡಿಸೆಂಬರ್ 3 ಮತ್ತು 4ರಂದು ಒಟ್ಟಾವದಲ್ಲಿ 122 ದೇಶಗಳು ಸಹಿ ಹಾಕಿದವು. ಅದೇ ತಿಂಗಳ 10ರಂದು ಓಸ್ಲೊದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪ್ರದಾನವಾದಾಗ, ಜೋಡಿ ವಿಲಿಯಮ್ಸ್ ಜೊತೆಗೆ ಅಭಿಯಾನದ ಪರವಾಗಿ ವೇದಿಕೆಯಲ್ಲಿದ್ದವರು ಕಾಂಬೋಡಿಯಾದ ಟುನ್ ಚನ್ನರೆತ್. ನೆಲಬಾಂಬಿಗೆ ಎರಡೂ ಕಾಲು ಕಳೆದುಕೊಂಡ ಅವರು ಬಂದದ್ದು ಗಾಲಿಕುರ್ಚಿಯಲ್ಲಿ.

ಒಪ್ಪಂದದ ಪೀಠಿಕೆಯಲ್ಲೇ ಅಭಿಯಾನದ ಹೆಸರಿದೆ. ದೇಶಗಳ ಮುಂದಿನ ಸಭೆಗಳಿಗೆ ಇಂಥ ಸಂಸ್ಥೆಗಳನ್ನು ವೀಕ್ಷಕರಾಗಿ ಕರೆಯಬಹುದೆಂದು 11ನೇ ವಿಧಿ ಹೇಳುತ್ತದೆ. ಯಾವ ದೇಶ ಕೊಟ್ಟ ಮಾತಿಗೆ ನಡೆಯಿತು, ಯಾವುದು ತಪ್ಪಿತು ಎಂಬ ವರದಿಯನ್ನು 1999ರಿಂದ ಅಭಿಯಾನವೇ ಪ್ರಕಟಿಸುತ್ತಿದೆ. ಗಡಿ ರಕ್ಷಣೆಯ ಕಾರಣ ಹೇಳಿ ಸಹಿ ಹಾಕದ ಭಾರತವೂ ಆ ಪರಿಶೀಲನೆಗೆ ಹೊರತಲ್ಲ. 2025ರಲ್ಲಿ ರಷ್ಯಾದ ಭಯದಿಂದ ಪೋಲೆಂಡ್, ಫಿನ್ಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು ಒಪ್ಪಂದ ಬಿಡಲು ಹೊರಟಾಗ, ಅದನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ಈ ಅಭಿಯಾನದವರೂ ಇದ್ದರು.